ಸೇತುವೆ ಮಧ್ಯೆ 60 ಸೆಂಟಿಮೀಟರ್: ಎರಡು ದಡದ ನಕ್ಷೆ ಕೂಡಿಸಲು ಹೋಗಿ 11 ವಾರ ಕಳೆದ ಕಥೆ

ಮೂರು ದಿನದ ಕೆಲಸ ಅಂದುಕೊಂಡಿದ್ದೆ. 11 ವಾರ ಹಿಡಿಯಿತು. ಹೋದ ವಾರವಷ್ಟೇ ಮುಗಿದಿದೆ, ಮರೆತುಹೋಗುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರು ಇನ್ನೂ ಇರುತ್ತಾರೆ. ಅವರಿಗೆ ಒಂದೆರಡು ವಾರವಾದರೂ ಉಳಿಯಲಿ.

ಕೆಲಸ ಇಷ್ಟೇ. ಒಂದು ನದಿ. ಪ್ರವಾಹ ಬಂದರೆ ಎರಡೂ ದಡದಲ್ಲಿ ನೀರು ಎಲ್ಲಿವರೆಗೆ ಬರುತ್ತೆ ಅಂತ ತೋರಿಸುವ ನಕ್ಷೆ ಮಾಡಬೇಕು. ಎಡದಂಡೆಗೆ 2012ರಲ್ಲಿ ವಿಮಾನದಿಂದ ಲೈಡಾರ್ (ಲೇಸರ್ ಬೆಳಕು ಬಿಟ್ಟು ನೆಲ ಅಳೆಯುವ) ಸರ್ವೆ ಆಗಿತ್ತು. ಬಲದಂಡೆಗೆ 2024ರಲ್ಲಿ ಡ್ರೋನ್ ಹಾರಿಸಿದ್ದರು. ಇವೆರಡರ ಜೊತೆ ಹಳೆಯ ಕಾಗದದ ನಕ್ಷೆಗಳ ಒಂದು ಕಟ್ಟು. ಹಿಂದಿನ ದೊಡ್ಡ ಪ್ರವಾಹಗಳಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಗುರುತು ಇದ್ದದ್ದು ಅದರಲ್ಲಿ ಮಾತ್ರ, ಹಾಗಾಗಿ ಅದನ್ನು ಬಿಡುವ ಹಾಗಿರಲಿಲ್ಲ. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಕಿದರೆ ಆಯ್ತಲ್ಲ, ಎಲ್ಲದಕ್ಕೂ ಅಕ್ಷಾಂಶ ರೇಖಾಂಶ ಇದೆಯಲ್ಲ ಅಂತ ಧೈರ್ಯ.

ಹಾಕಿದೆ. ಹಳೆಯ ನಕ್ಷೆಯ ರಸ್ತೆ ನೇರವಾಗಿ ನದಿಯೊಳಗೆ ಇಳಿದಿತ್ತು. 200 ಮೀಟರಿಗಿಂತ ಜಾಸ್ತಿ ಪಕ್ಕಕ್ಕೆ.

ಇದರ ಕಾರಣ ಮಾತ್ರ ನನಗೆ ಗೊತ್ತಿತ್ತು. ಉಪಗ್ರಹ ಬರುವ ಮೊದಲು ಪ್ರತಿ ದೇಶವೂ ತನಗೆ ಬೇಕಾದ ಹಾಗೆ ಭೂಮಿಯನ್ನು ಅಳೆದುಕೊಳ್ಳುತ್ತಿತ್ತು. ಭೂಮಿ ಪೂರ್ತಿ ಉರುಟಲ್ಲ, ಸ್ವಲ್ಪ ಚಪ್ಪಟೆ, ಅದಕ್ಕೊಂದು ಲೆಕ್ಕದ ಆಕಾರ ಬೇಕು. ಅದನ್ನೇ ಎಲಿಪ್ಸಾಯ್ಡ್ ಅನ್ನುತ್ತಾರೆ. 1830ರ ಎವರೆಸ್ಟ್ ಎಲಿಪ್ಸಾಯ್ಡ್ ಪ್ರಕಾರ ಸಮಭಾಜಕದ ಹತ್ತಿರ ಭೂಮಿಯ ಅರ್ಧವ್ಯಾಸ 63,77,276 ಮೀಟರ್. 1841ರ ಬೆಸೆಲ್ ಲೆಕ್ಕದಲ್ಲಿ 63,77,397. 1866ರ ಕ್ಲಾರ್ಕ್ ಲೆಕ್ಕದಲ್ಲಿ 63,78,206. ಈಗ ಎಲ್ಲರೂ ಬಳಸುವುದು 63,78,137. ಯಾರೂ ತಪ್ಪು ಮಾಡಿರಲಿಲ್ಲ. ಅವರವರು ಅಳೆದ ನೆಲಕ್ಕೆ ಅವರವರ ಆಕಾರ ಚೆನ್ನಾಗಿ ಕೂರುತ್ತಿತ್ತು, ಅಷ್ಟು ಸಾಕಾಗಿತ್ತು. ಎಲ್ಲೋ ಒಂದು ಕಡೆ ಕಲ್ಲು ನೆಟ್ಟು, ನಕ್ಷತ್ರ ನೋಡಿ ಅದರ ಜಾಗ ಗೊತ್ತು ಮಾಡಿ, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತಾ ಹೋಗುವುದು. ಹೀಗೆ ಮಾಡಿದಾಗ ಆ ಆಕಾರದ ನಡುಬಿಂದು ಭೂಮಿಯ ನಿಜವಾದ ನಡುಬಿಂದುವಿನಿಂದ ನೂರಾರು ಮೀಟರ್ ಆಚೀಚೆ ಬೀಳಬಹುದು. ಬಿದ್ದರೂ ಆಗ ಯಾರಿಗೂ ತೊಂದರೆ ಇರಲಿಲ್ಲ.

1884ರಲ್ಲಿ ಸೊನ್ನೆ ರೇಖಾಂಶ ಅಂತ ಒಪ್ಪಿಕೊಂಡ ಗ್ರೀನಿಚ್ ಗೆರೆಯ ಕಥೆಯೂ ಇದೇ. ಅಲ್ಲಿ ಹೋಗಿ ಆ ಗೆರೆ ಮೇಲೆ ನಿಂತರೆ ಮೊಬೈಲ್ ಸೊನ್ನೆ ತೋರಿಸುವುದಿಲ್ಲ. ಸೊನ್ನೆ ಬರಬೇಕಾದರೆ 102 ಮೀಟರ್ ಪೂರ್ವಕ್ಕೆ ನಡೆಯಬೇಕು. ಅಂದಿನವರು ತೂಗುಗುಂಡು ತೋರಿಸಿದ ಕೆಳಮುಖವನ್ನು ನಂಬಿ ನಕ್ಷತ್ರ ಅಳೆದರು, ಆ ಜಾಗದ ಗುರುತ್ವ ಸ್ವಲ್ಪ ವಾಲಿದೆ. ಇಂದಿನ ಲೆಕ್ಕ ಭೂಮಿಯ ನಡುಬಿಂದುವಿನಿಂದ ಶುರುವಾಗುತ್ತದೆ.

ಸರಿ, ಈ ಆಕಾರ, ಅದನ್ನು ಕೂರಿಸಿದ ಜಾಗ ಎರಡೂ ಸೇರಿದರೆ ಡೇಟಮ್ ಅನ್ನುತ್ತಾರೆ. ಹಳೆಯ ಡೇಟಮ್‌ನಿಂದ ಹೊಸದಕ್ಕೆ ತರಲು ಏಳು ಸಂಖ್ಯೆ ಬೇಕು. ಮೂರು ಸರಿಸುವುದಕ್ಕೆ, ಮೂರು ತಿರುಗಿಸುವುದಕ್ಕೆ, ಒಂದು ಹಿಗ್ಗಿಸುವುದಕ್ಕೆ. ಈ ಏಳು ಸಂಖ್ಯೆ ಇಂಟರ್ನೆಟ್ಟಿನಲ್ಲಿ ಹತ್ತು ಥರ ಸಿಗುತ್ತವೆ. ನಮಗೆ ಬೇಕಿದ್ದದ್ದು ಆ ಪ್ರದೇಶಕ್ಕೇ ಲೆಕ್ಕ ಹಾಕಿದ್ದು. ಅದಕ್ಕೆ ಒಂದು ಕಚೇರಿಗೆ ಅರ್ಜಿ ಹಾಕಿದೆ. ಯೋಜನೆಯ ಪತ್ರ, ಉದ್ದೇಶ, ನಕ್ಷೆ ಹಾಳೆಗಳ ನಂಬರು ಎಲ್ಲ ಕೊಟ್ಟೆ. ಎಂಟು ದಿನಕ್ಕೆ ಅರ್ಜಿ ವಾಪಸ್ ಬಂತು. ಹಾಳೆಯ ಹಳೆಯ ನಂಬರು ಬರೆದಿದ್ದೀರಿ, ಹೊಸ ನಂಬರು ಬರೆಯಿರಿ ಅಂತ. ನನ್ನ ಕೈಯಲ್ಲಿದ್ದದ್ದು ಹಳೆಯ ಹಾಳೆ, ಅದರ ಮೇಲೆ ಇದ್ದದ್ದು ಹಳೆಯ ನಂಬರು. ಹೊಸದನ್ನು ಹುಡುಕಿ ಬರೆದು ಕಳಿಸಿದೆ. ಒಟ್ಟು ಮೂರು ವಾರ. ನೀವು ಅರ್ಜಿ ಹಾಕುವಾಗ ಎರಡೂ ನಂಬರು ಬರೆದುಬಿಡಿ, ಜೊತೆಗೆ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶವನ್ನೂ ಬರೆಯಿರಿ.

ಕೊನೆಗೆ ಬಂದದ್ದು ಒಂದು ಪುಟ. ಏಳು ಸಂಖ್ಯೆ, ಕೆಳಗೊಂದು ಸಹಿ. ಖುಷಿಯಿಂದ ಹಾಕಿದೆ. 200 ಮೀಟರ್ ಹೋಯಿತು, 37 ಮೀಟರ್ ಉಳಿಯಿತು.

ಇಲ್ಲಿ ನಾಲ್ಕು ದಿನ ಕಳೆದೆ. ಸಂಖ್ಯೆಗಳನ್ನು ಒಂದೊಂದೇ ಟೈಪ್ ಮಾಡಿ ನೋಡಿದೆ. ಪುಟವನ್ನು ಸ್ಕ್ಯಾನ್ ಮಾಡುವಾಗ 3 ಹೋಗಿ 8 ಆಗಿದೆಯಾ ಅಂತ ಭೂತಗನ್ನಡಿ ಹಿಡಿದೆ. ಐದನೇ ದಿನ ಗೊತ್ತಾಯಿತು. ತಿರುಗಿಸುವ ಮೂರು ಸಂಖ್ಯೆಗಳಿಗೆ ಜಗತ್ತಿನಲ್ಲಿ ಎರಡು ಸಂಪ್ರದಾಯ ಇವೆ. ಒಂದರಲ್ಲಿ ಬಿಂದುವನ್ನು ತಿರುಗಿಸುತ್ತಾರೆ, ಇನ್ನೊಂದರಲ್ಲಿ ಅಕ್ಷಗಳನ್ನೇ ತಿರುಗಿಸುತ್ತಾರೆ. ಒಂದರ ಪ್ಲಸ್ ಇನ್ನೊಂದರ ಮೈನಸ್. ಪುಟದಲ್ಲಿ ಯಾವುದು ಅಂತ ಬರೆದಿರಲಿಲ್ಲ, ನನ್ನ ಸಾಫ್ಟ್‌ವೇರ್ ಕೇಳಲೂ ಇಲ್ಲ. ಭೂಮಿಯ ಮೇಲ್ಮೈಯಲ್ಲಿ ಒಂದು ವಿಕಲೆ (ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗ) ತಿರುಗಿದರೆ ಸುಮಾರು 31 ಮೀಟರ್ ಆಗುತ್ತೆ. ಚಿಹ್ನೆ ತಪ್ಪಿದರೆ ಸರಿಹೋಗಬೇಕಾದದ್ದು ಸರಿಹೋಗುವ ಬದಲು ದುಪ್ಪಟ್ಟಾಗುತ್ತೆ. ಮೂರು ಮೈನಸ್ ಹಾಕಿದೆ. ರಸ್ತೆ ರಸ್ತೆಯ ಮೇಲೆ ಬಂದು ಕೂತಿತು.

ಚಿಹ್ನೆ ತಪ್ಪಿ ಪೇಚಿಗೆ ಬಿದ್ದದ್ದು ನಾನೊಬ್ಬನೇ ಅಲ್ಲ ಅಂತ ಆಮೇಲೆ ತಿಳಿದು ಸ್ವಲ್ಪ ಸಮಾಧಾನ ಆಯಿತು. ರೈನ್ ನದಿಗೆ ಲೌಫೆನ್‌ಬುರ್ಗ್‌ನಲ್ಲಿ ಜರ್ಮನಿ ಕಡೆಯಿಂದಲೂ ಸ್ವಿಟ್ಜರ್ಲೆಂಡ್ ಕಡೆಯಿಂದಲೂ ಸೇತುವೆ ಕಟ್ಟುತ್ತಾ ಬಂದರು. ಜರ್ಮನಿ ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಸ್ಸರದ್ದು ಮೆಡಿಟರೇನಿಯನ್ ಮಟ್ಟದಿಂದ. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ ಇದೆ ಅಂತ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕಕ್ಕೂ ತೆಗೆದುಕೊಂಡರು, ಆದರೆ ಕೂಡುವ ಕಡೆ ಕಳೆದರು. 2003ರಲ್ಲಿ ನೋಡಿದರೆ ಎರಡು ಕಡೆಗೂ 54 ಸೆಂಟಿಮೀಟರ್ ಅಂತರ. ಒಂದು ಕಡೆಯದನ್ನು ಮತ್ತೆ ಸರಿಮಾಡಬೇಕಾಯಿತು. ನನ್ನದು ಪರದೆ ಮೇಲಿನ ತಪ್ಪು, ಅವರದ್ದು ಕಾಂಕ್ರೀಟು.

ಈ ಹಂತದಲ್ಲಿರುವವರಿಗೆ ಒಂದು ಮಾತು. ಏಳು ಸಂಖ್ಯೆ ಕೇಳುವಾಗ ಜೊತೆಗೆ ಒಂದು ಪರೀಕ್ಷಾ ಬಿಂದುವನ್ನೂ ಕೇಳಿ. ಹಳೆಯ ಡೇಟಮ್‌ನಲ್ಲಿ ಇಷ್ಟು, ಹೊಸದರಲ್ಲಿ ಇಷ್ಟು ಅಂತ ಎರಡೂ ಇರುವ ಒಂದೇ ಒಂದು ಬಿಂದು ಸಿಕ್ಕಿದರೂ ನನ್ನ ನಾಲ್ಕು ದಿನ ನಿಮಗೆ ಐದು ನಿಮಿಷ.

ಹಳೆಯ ನಕ್ಷೆ ಈಗ ಒಂದೆರಡು ಮೀಟರಿನೊಳಗೆ ಬಂತು. ಕಾಗದದ ನಕ್ಷೆಗೆ ಅದಕ್ಕಿಂತ ಜಾಸ್ತಿ ಕೇಳಬಾರದು. ಇನ್ನು ಲೈಡಾರ್ ಮತ್ತು ಡ್ರೋನ್. ಎರಡರ ಮೇಲೂ 'ಡಬ್ಲ್ಯೂಜಿಎಸ್ 84' (ಜಿಪಿಎಸ್ ಬಳಸುವ ಜಾಗತಿಕ ಡೇಟಮ್) ಅಂತ ಚೀಟಿ ಇತ್ತು, ಎರಡೂ ಸೆಂಟಿಮೀಟರ್ ಲೆಕ್ಕದ ಸರ್ವೆ. ಇವು ಹೊಂದಲೇಬೇಕು.

ನದಿಗೆ ಒಂದು ಸೇತುವೆ ಇದೆ. ಎಡದಂಡೆಯ ಸರ್ವೆಯಲ್ಲಿ ಅದರ ಅರ್ಧ, ಬಲದಂಡೆಯದರಲ್ಲಿ ಉಳಿದರ್ಧ, ಮಧ್ಯದ ಕಂಬದ ಹತ್ತಿರ ಎರಡಕ್ಕೂ ಸ್ವಲ್ಪ ಸೇರಿಕೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಸೇತುವೆ ಅಂಚಿನ ಕಬ್ಬಿಣದ ಕಂಬಿ ಎಡದಂಡೆಯಿಂದ ನೆಟ್ಟಗೆ ಬರುತ್ತೆ, ಮಧ್ಯದ ಕಂಬದ ಹತ್ತಿರ ಕತ್ತರಿಸಿದ ಹಾಗೆ ನಿಲ್ಲುತ್ತೆ, 60 ಸೆಂಟಿಮೀಟರ್ ಪಕ್ಕದಲ್ಲಿ ಮತ್ತೆ ಶುರುವಾಗಿ ಬಲದಂಡೆಗೆ ಹೋಗುತ್ತೆ. ಯಾರೋ ಸೇತುವೆಯನ್ನು ಮುರಿದು ಎರಡು ಅಡಿ ಸರಿಸಿ ಇಟ್ಟಂತೆ.

ಮೊದಲು ಡ್ರೋನ್ ಹಾರಿಸಿದ ಹುಡುಗನ ಮೇಲೆ ಅನುಮಾನ ಬಂತು. ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಪಾಪ, ಅವನು ಎರಡು ದಿನ ಕೂತು ಎಲ್ಲ ಮತ್ತೆ ಲೆಕ್ಕ ಹಾಕಿ ಕಳಿಸಿದ. "ಸಾರ್, ನಂದು 3 ಸೆಂಟಿಮೀಟರ್ ಒಳಗಿದೆ, ನೀವೇ ನೋಡಿ" ಅಂದ. ನೋಡಿದೆ, ನಿಜ. ಲೈಡಾರ್‌ನವರ ವರದಿ ತೆಗೆದು ನೋಡಿದೆ, ಅದೂ ಸರಿಯಾಗಿತ್ತು. ಇಬ್ಬರೂ ಸರಿ, ಸೇತುವೆ ಮಾತ್ರ ಮುರಿದಿದೆ.

ಜೊತೆಗೆ ಕೆಲಸ ಮಾಡುವವರೊಬ್ಬರು, "ಮೌಸ್ ಹಿಡಿದು ಎಳೆದು ಕೂರಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ" ಅಂದರು. ಸುಳ್ಳು ಹೇಳಲ್ಲ, ಆ ಸಂಜೆ ಎಳೆದೂ ನೋಡಿದೆ. ಚೆನ್ನಾಗಿಯೇ ಕೂತಿತು. ರಾತ್ರಿ ನಿದ್ದೆ ಬರಲಿಲ್ಲ. ನಾಳೆ ಮೂರನೆಯವರು ಮೇಲ್ದಂಡೆಯ ಸರ್ವೆ ತಂದರೆ ಅದನ್ನು ಯಾವುದಕ್ಕೆ ಎಳೆಯುವುದು? ಅವರು ತಮಗೆ ಬೇಕಾದ ಹಾಗೆ ಎಳೆಯುತ್ತಾರೆ, ಕೆಳದಂಡೆಯವರು ಇನ್ನೊಂದು ಕಡೆ ಎಳೆಯುತ್ತಾರೆ. 1830ರಲ್ಲಿ, 1841ರಲ್ಲಿ, 1866ರಲ್ಲಿ ಆದದ್ದೂ ಇದೇ ಅಲ್ವಾ? ತಂತಮ್ಮ ನೆಲಕ್ಕೆ ಕೂರುವ ಹಾಗೆ ಎಳೆದುಕೊಂಡರು. ಮೂರು ವಾರ ಕಾದು, ಅರ್ಜಿ ಹಾಕಿ, ಮೈನಸ್ ಹುಡುಕಿ ನಾನು ಬಿಡಿಸಿದ್ದು ಅದೇ ಗಂಟು. ಬೆಳಿಗ್ಗೆ ಎದ್ದು ಎಳೆದದ್ದನ್ನು ವಾಪಸ್ ಹಾಕಿದೆ.

ಕೊನೆಗೆ ನಿವೃತ್ತರಾದ ಒಬ್ಬ ಹಿರಿಯ ಸರ್ವೇಯರಿಗೆ ಫೋನ್ ಮಾಡಿದೆ. ನಾನು ಹತ್ತು ನಿಮಿಷ ವಿವರಿಸಿದೆ, ಅವರು ಒಂದೇ ಪ್ರಶ್ನೆ ಕೇಳಿದರು.

"ಎರಡೂ ಯಾವ್ಯಾವ ವರ್ಷದ್ದಪ್ಪಾ?"

"ಒಂದು 2012, ಇನ್ನೊಂದು 2024 ಸಾರ್."

"ಹನ್ನೆರಡು ವರ್ಷ. ನಿಮ್ಮ ನೆಲ ವರ್ಷಕ್ಕೆ ಎಷ್ಟು ನಡೆಯುತ್ತೆ ನೋಡು, ಗುಣಿಸು."

ನಮ್ಮ ಜಾಗ ಕೂತಿರುವ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಚಲಿಸುತ್ತೆ. ಹನ್ನೆರಡೈದಲಿ ಅರವತ್ತು. ಸೇತುವೆ ಮುರಿದಿರಲಿಲ್ಲ, ಇಡೀ ಊರು ನಾಡಿನ ಜೊತೆಗೆ ಸರಿದಿತ್ತು. ಎರಡು ಸರ್ವೆ ಮಾಡಿದವರು ಒಂದೇ ಸೇತುವೆಯನ್ನು ಹನ್ನೆರಡು ವರ್ಷದ ಅಂತರದಲ್ಲಿ ಎರಡು ಜಾಗದಲ್ಲಿ ಅಳೆದಿದ್ದರು. ಅಂತರ ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಇತ್ತು. ಮನುಷ್ಯರ ತಪ್ಪು ಅಷ್ಟು ಶಿಸ್ತಾಗಿ ಇರಲ್ಲ. ಅಷ್ಟಾದರೂ ನನಗೆ ಹೊಳೆಯಬೇಕಿತ್ತು. ಡ್ರೋನ್ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಆಸ್ಟ್ರೇಲಿಯಾ ಇನ್ನೂ ಜೋರು, ವರ್ಷಕ್ಕೆ ಸುಮಾರು 7 ಸೆಂಟಿಮೀಟರ್. 1994ರ ನೆಲೆಯಲ್ಲಿ ನಿಲ್ಲಿಸಿದ್ದ ತಮ್ಮ ನಿರ್ದೇಶಾಂಕಗಳನ್ನು ಅವರು 2020ರ ನೆಲೆಗೆ ತಂದಾಗ ಇಡೀ ಖಂಡವನ್ನು ನಕ್ಷೆಯಲ್ಲಿ ಸುಮಾರು 1.8 ಮೀಟರ್ ಈಶಾನ್ಯಕ್ಕೆ ಸರಿಸಬೇಕಾಯಿತು. ಕೆಲವು ಕಡೆ ಇಷ್ಟು ನಿಧಾನವೂ ಇಲ್ಲ. 2011ರ ಮಾರ್ಚ್ ಭೂಕಂಪದಲ್ಲಿ ಜಪಾನಿನ ಒಶಿಕಾ ಪರ್ಯಾಯ ದ್ವೀಪ ಒಂದೇ ಏಟಿಗೆ 5 ಮೀಟರಿಗಿಂತ ಜಾಸ್ತಿ ಸರಿಯಿತು. ನೆಲಕ್ಕೆ ನೆಟ್ಟ ಕಲ್ಲನ್ನೇ ಆಧಾರ ಅಂದುಕೊಂಡರೆ, ಆಧಾರವೇ ನಡೆದುಹೋದಾಗ ಅದು ಎಷ್ಟು ನಡೆಯಿತು ಅಂತ ಯಾವುದರಿಂದ ಅಳೆಯುತ್ತೀರಿ?

ಈಗ ಆ 'ಡಬ್ಲ್ಯೂಜಿಎಸ್ 84' ಚೀಟಿಯ ವಿಷಯ. ಈ ಹೆಸರಿನಲ್ಲಿ ಒಂದಲ್ಲ, ಹಲವು ಆವೃತ್ತಿ ಬಂದುಹೋಗಿವೆ. ಸಾಫ್ಟ್‌ವೇರ್‌ಗಳಲ್ಲಿ 4326 ಅಂತ ಕಾಣುವ ಸಂಕೇತ ಆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದು, ಅದರ ನಿಖರತೆಯೇ 2 ಮೀಟರ್ ಅಂತ ಬರೆದಿದೆ. ದಾರಿ ಹುಡುಕುವುದಕ್ಕೆ ಧಾರಾಳ ಸಾಕು. ಸೆಂಟಿಮೀಟರ್ ಲೆಕ್ಕಕ್ಕೆ ಫ್ರೇಮ್‌ನ, ಅಂದರೆ ನಿರ್ದೇಶಾಂಕ ಅಳೆಯುವ ಚೌಕಟ್ಟಿನ, ಪೂರ್ತಿ ಹೆಸರು ಬೇಕು, ಮತ್ತು ತಾರೀಖು ಬೇಕು. ಸರ್ವೆಯವರು ಈ ತಾರೀಖಿಗೆ ಎಪೋಕ್ ಅನ್ನುತ್ತಾರೆ. ಲೈಡಾರ್‌ನವರ ವರದಿಯ 41ನೇ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಐಟಿಆರ್‌ಎಫ್ 2008, ಎಪೋಕ್ 2012. ಡ್ರೋನ್‌ನವರದ್ದು ಐಟಿಆರ್‌ಎಫ್ 2020, ಎಪೋಕ್ 2024. ಐಟಿಆರ್‌ಎಫ್ ಅಂದರೆ ಇಡೀ ಭೂಮಿಗೆ ಒಂದೇ ಅಂತ ಇಟ್ಟುಕೊಂಡ ಅಂತರರಾಷ್ಟ್ರೀಯ ಫ್ರೇಮ್. ಮೊದಲ ದಿನವೇ 41ನೇ ಪುಟ ಓದಿದ್ದರೆ ಮುಗಿದಿತ್ತು. ಈ ಎರಡು ಫ್ರೇಮ್‌ಗಳ ಮಧ್ಯೆ ಇರುವ ವ್ಯತ್ಯಾಸ ಮಿಲಿಮೀಟರ್‌ಗಳದ್ದು. 60 ಸೆಂಟಿಮೀಟರ್ ಬಂದದ್ದು ಪೂರ್ತಿ ತಾರೀಖಿನಿಂದ.

ಲೆಕ್ಕ ಹಾಕಿ 2012ರದ್ದನ್ನು 2024ಕ್ಕೆ ತಂದೆ. ಕಂಬಿ ಕೂಡಿಕೊಂಡಿತು. 4 ಸೆಂಟಿಮೀಟರ್ ಉಳಿಯಿತು, ಅದು ಉಪಕರಣಗಳ ಮಿತಿಯೊಳಗೇ ಇದೆ.

ಇಷ್ಟಕ್ಕೆ ಆರು ವಾರ. ಮುಗಿಯಿತು ಅಂದುಕೊಂಡೆ. ಎತ್ತರ ಬಾಕಿ ಇತ್ತು.

ಪ್ರವಾಹದ ನಕ್ಷೆಯಲ್ಲಿ ಅಡ್ಡಡ್ಡ 60 ಸೆಂಟಿಮೀಟರ್ ತಪ್ಪಿದರೂ ಮುಳುಗುವ ಮನೆ ಮುಳುಗುತ್ತೆ. ಎತ್ತರದಲ್ಲಿ ತಪ್ಪಿದರೆ ಹೊಸ್ತಿಲಾಚೆ ನಿಲ್ಲಬೇಕಾದ ನೀರು ನಕ್ಷೆಯಲ್ಲಿ ಕಿಟಕಿಗೆ ಬರುತ್ತೆ. ಲೈಡಾರ್ ಎತ್ತರ ಕೊಟ್ಟಿದ್ದು ಎಲಿಪ್ಸಾಯ್ಡ್‌ನಿಂದ, ಅಂದರೆ ಆ ಲೆಕ್ಕದ ಆಕಾರದಿಂದ. ಹಳೆಯ ಪ್ರವಾಹದ ಗುರುತುಗಳು ಸಮುದ್ರಮಟ್ಟದಿಂದ. ಎರಡಕ್ಕೂ ಹತ್ತಾರು ಮೀಟರ್ ವ್ಯತ್ಯಾಸ. ನೀರು ಹರಿಯುವುದು ಗುರುತ್ವ ಹೇಳಿದಂತೆ, ಲೆಕ್ಕದ ಆಕಾರ ಹೇಳಿದಂತೆ ಅಲ್ಲ. ಅದಕ್ಕೆ ಗುರುತ್ವದಿಂದ ರೂಪುಗೊಂಡ ಇನ್ನೊಂದು ಮೇಲ್ಮೈ ಇದೆ, ಜಿಯಾಯ್ಡ್ ಅಂತ. ಗಾಳಿ, ಅಲೆ, ಉಬ್ಬರ ಏನೂ ಇಲ್ಲದ ಸಮುದ್ರ ನೆಲದಡಿಯಲ್ಲೂ ಹರಡಿಕೊಂಡಿದೆ ಅಂತ ಕಲ್ಪಿಸಿಕೊಳ್ಳಿ. ಅದು ಎಲಿಪ್ಸಾಯ್ಡ್‌ಗಿಂತ ಕೆಲವು ಕಡೆ 80 ಮೀಟರಿಗೂ ಜಾಸ್ತಿ ಮೇಲಿದೆ, ಕೆಲವು ಕಡೆ 100 ಮೀಟರಿಗೂ ಜಾಸ್ತಿ ಕೆಳಗಿದೆ. ಡ್ರೋನ್‌ನವರು ಎತ್ತರವನ್ನು ಇಜಿಎಂ 96 ಅನ್ನುವ ಜಿಯಾಯ್ಡ್ ಮಾದರಿಗೆ ಇಳಿಸಿ ಕೊಟ್ಟಿದ್ದರು, ನಾನು ಬಳಸಿದ್ದು ಇಜಿಎಂ 2008. ಅದರಲ್ಲೇ ಹತ್ತಾರು ಸೆಂಟಿಮೀಟರ್ ಆಚೀಚೆ.

ಇದನ್ನೆಲ್ಲ ಕೂತಲ್ಲೇ ಬಿಡಿಸಲು ಆಗುವುದಿಲ್ಲ ಅಂತ ಗೊತ್ತಾಯಿತು. ಹಳೆಯ ಲೆವೆಲಿಂಗ್‌ನಲ್ಲಿ (ಸಮುದ್ರಮಟ್ಟದಿಂದ ಹಂತಹಂತವಾಗಿ ಎತ್ತರ ಅಳೆಯುತ್ತಾ ಬರುವುದು) ಎತ್ತರ ಗೊತ್ತಿರುವ ಒಂದು ಸರ್ವೆ ಕಲ್ಲಿನ ಮೇಲೆ ಹೋಗಿ ಜಿಪಿಎಸ್ ರಿಸೀವರ್ ಇಟ್ಟು ಅಳೆಯಲೇಬೇಕು.

ಕಲ್ಲು ಹುಡುಕುವುದಕ್ಕೇ ಒಂದು ದಿನ. ಕಲ್ಲಿನ ವಿವರದ ಕಾರ್ಡಿನಲ್ಲಿ 'ದೊಡ್ಡ ಮರದಿಂದ 14 ಹೆಜ್ಜೆ' ಅಂತಿತ್ತು. ಮರ ಇರಲಿಲ್ಲ. ಮುಳ್ಳು ಸರಿಸಿ, ಮಣ್ಣು ಕೆರೆದು ನೋಡಿದಾಗ ಚೌಕದ ಕಲ್ಲು ಸಿಕ್ಕಿತು, ನಡುವೆ ಉಳಿಯಿಂದ ಕೊರೆದ ಸಣ್ಣ ಕುಳಿ. ಅದರ ಮೇಲೆ ಟ್ರೈಪಾಡ್ ನಿಲ್ಲಿಸಿ ರಿಸೀವರ್ ಕೂರಿಸಿ 24 ಗಂಟೆ ಬಿಡಬೇಕಿತ್ತು. ಬ್ಯಾಟರಿ ರಾತ್ರಿ ಎರಡೂವರೆಗೆ ಸತ್ತುಹೋಗಿತ್ತು, ನೋಡಿದ್ದು ಬೆಳಿಗ್ಗೆ. ಬಾಡಿಗೆ ರಿಸೀವರ್, ಇನ್ನೆರಡು ದಿನದ ಬಾಡಿಗೆ ದಂಡ. ಕಾರ್ ಬ್ಯಾಟರಿ ಒಂದು ಜೊತೆಗೆ ಒಯ್ಯಿರಿ.

ರಿಸೀವರ್ ಬರೆದಿಟ್ಟ ಫೈಲನ್ನು ಲೆಕ್ಕಕ್ಕೆ ಕಳಿಸುವುದಕ್ಕೆ ಉಚಿತ ಸೇವೆಗಳಿವೆ. ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ, ಆಸ್ಟ್ರೇಲಿಯಾದ ಆಸ್‌ಪಾಸ್. ಜಗತ್ತಿನ ಯಾವ ಮೂಲೆಯ ಫೈಲ್ ಕಳಿಸಿದರೂ ಲೆಕ್ಕ ಹಾಕಿ ಮೇಲ್ ಮಾಡುತ್ತವೆ. ಎರಡು ಎಚ್ಚರಿಕೆ. ಕೆನಡಾದ ಸೇವೆಯಲ್ಲಿ ಯಾವ ಫ್ರೇಮ್ ಬೇಕು ಅಂತ ಕೇಳುತ್ತೆ. ಎನ್‌ಎಡಿ 83 ಉತ್ತರ ಅಮೆರಿಕದವರಿಗೆ, ಬೇರೆಯವರು ಐಟಿಆರ್‌ಎಫ್ ಒತ್ತಬೇಕು. ಇನ್ನೊಂದು, ಅವಸರ ಬೇಡ. ಉಪಗ್ರಹ ಆ ಹೊತ್ತಿನಲ್ಲಿ ನಿಜವಾಗಿ ಎಲ್ಲಿತ್ತು ಅನ್ನುವ ಅಂತಿಮ ಲೆಕ್ಕ ಬರಲು ಸುಮಾರು ಎರಡು ವಾರ ಬೇಕು. ಅದೇ ದಿನ ಕಳಿಸಿದರೆ ತಾತ್ಕಾಲಿಕ ಲೆಕ್ಕದ ಉತ್ತರ ಬರುತ್ತೆ, ಅದೂ ಕೆಟ್ಟದ್ದೇನಲ್ಲ, ಆದರೆ ವರದಿಗೆ ಸಹಿ ಹಾಕುವವರು ಅಂತಿಮದ್ದೇ ಬೇಕು ಅಂದರು. ಕಾದೆ.

ಆ ಎರಡು ವಾರ ಬೇರೆ ಕೆಲಸ ಇರಲಿಲ್ಲ. ಈ ಐಟಿಆರ್‌ಎಫ್ ಅನ್ನುವುದನ್ನು ಹಿಡಿದಿಟ್ಟಿರುವವರು ಯಾರು ಅಂತ ಓದುತ್ತಾ ಕೂತೆ. ನನಗೆ ಇದೆಲ್ಲ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಇರುವ ಸೂತ್ರ ಅಂತ ಅನಿಸಿತ್ತು. ಅಲ್ಲ. ಅದು ನೆಲದ ಮೇಲಿರುವ ನಿಜವಾದ ಕೇಂದ್ರಗಳು, ಕಂಬಗಳು, ಡಿಶ್‌ಗಳು, ರಾತ್ರಿಪಾಳಿಯ ಜನ.

ನಾಲ್ಕು ಥರದ ಅಳತೆ ಸೇರಿ ಈ ಫ್ರೇಮ್ ಆಗುತ್ತೆ. ಒಂದರಲ್ಲಿ ಖಂಡಖಂಡಾಂತರದ ರೇಡಿಯೊ ಡಿಶ್‌ಗಳು ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ (ತುಂಬಾ ಹೊಳೆಯುವ ಗ್ಯಾಲಕ್ಸಿ ನಡುಭಾಗಗಳ) ಕಡೆ ತಿರುಗಿ, ಒಂದೇ ಸಂಕೇತ ಯಾವ ಡಿಶ್‌ಗೆ ಎಷ್ಟು ತಡವಾಗಿ ಬಂತು ಅಂತ ಅಳೆಯುತ್ತವೆ. ಭೂಮಿ ಎಷ್ಟು ತಿರುಗಿದೆ ಅಂತ ಗೊತ್ತಾಗುವುದು ಇದರಿಂದ. ಎರಡನೆಯದು ಲೇಸರ್. 1976ರಲ್ಲಿ ಹಾರಿಸಿದ ಲೇಜಿಯೊಸ್ ಅನ್ನುವ ಉಪಗ್ರಹ ಇದೆ, 60 ಸೆಂಟಿಮೀಟರ್ ಅಡ್ಡಗಲದ ಗುಂಡು, ಮೈತುಂಬ 426 ಪ್ರತಿಫಲಕಗಳು. ಒಳಗೆ ಯಂತ್ರ ಇಲ್ಲ, ಬ್ಯಾಟರಿ ಇಲ್ಲ. ನನ್ನ ರಿಸೀವರ್ ಬ್ಯಾಟರಿ ಒಂದು ರಾತ್ರಿ ತಡೆಯಲಿಲ್ಲ, ಇದು ಬ್ಯಾಟರಿಯೇ ಇಲ್ಲದೆ ಇಷ್ಟು ವರ್ಷದಿಂದ ಕೆಲಸ ಮಾಡುತ್ತಿದೆ! ನೆಲದಿಂದ ಲೇಸರ್ ಬಿಟ್ಟರೆ ಬೆಳಕು ವಾಪಸ್ ಬರುತ್ತೆ, ಹೋಗಿಬಂದ ಹೊತ್ತಿನಿಂದ ದೂರ ಸಿಗುತ್ತೆ. ಉಪಗ್ರಹ ಸುತ್ತುವುದು ಭೂಮಿಯ ರಾಶಿಯ ನಡುಬಿಂದುವನ್ನು, ಹಾಗಾಗಿ ಫ್ರೇಮ್‌ನ ಸೊನ್ನೆ ಎಲ್ಲಿ ಅಂತ ಹೇಳುವುದು ಈ ಗುಂಡಿನಂಥವು. ಮೂರನೆಯದು ಜಿಪಿಎಸ್ ಥರದ ಉಪಗ್ರಹಗಳನ್ನು ಹಗಲೂ ರಾತ್ರಿ ಕೇಳುತ್ತಿರುವ ರಿಸೀವರ್‌ಗಳು. ನಾಲ್ಕನೆಯದು ಫ್ರಾನ್ಸ್‌ನವರ ಡೋರಿಸ್, ನೆಲದಿಂದ ಬಂದ ಸಂಕೇತವನ್ನು ಉಪಗ್ರಹ ಕೇಳಿಸಿಕೊಳ್ಳುತ್ತೆ. ಈ ನಾಲ್ಕನ್ನೂ ಸೇರಿಸಿ ಫ್ರಾನ್ಸಿನ ಐಜಿಎನ್ ಸಂಸ್ಥೆ ಲೆಕ್ಕ ಹಾಕುತ್ತೆ. 2020ರ ಆವೃತ್ತಿ ಹೊರಬಂದದ್ದು 2022ರಲ್ಲಿ. ಅದರಲ್ಲಿ ಪ್ರತಿ ಕೇಂದ್ರಕ್ಕೆ ಜಾಗ ಮಾತ್ರ ಅಲ್ಲ, ಅದು ಚಲಿಸುವ ವೇಗವೂ, ಋತುವಿಗೆ ತಕ್ಕಂತೆ ಏರಿಳಿಯುವುದೂ ಇದೆ.

ಯಾವ ದೇಶವೂ ಇದನ್ನು ಒಂಟಿಯಾಗಿ ಮಾಡಲಾರದು. ಕ್ವೇಸಾರ್ ನೋಡಲು ಭೂಮಿಯ ಎರಡು ಕಡೆ ಡಿಶ್ ಬೇಕು. ಉಪಗ್ರಹ ದಕ್ಷಿಣಾರ್ಧ ದಾಟುವಾಗಲೂ ನೋಡಲು ಅಲ್ಲಿ ಕೇಂದ್ರ ಬೇಕು. ಈಗಲೂ ದಕ್ಷಿಣದಲ್ಲಿ ಕಡಿಮೆ ಇವೆ, ಅದು ಈ ಫ್ರೇಮ್‌ನ ದೊಡ್ಡ ಕೊರತೆ. ಒಂದು ದೇಶ ದುಡ್ಡಿಲ್ಲ ಅಂತ ತನ್ನ ಡಿಶ್ ನಿಲ್ಲಿಸಿದರೆ ಇನ್ನೊಂದು ದೇಶದ ನಕ್ಷೆಯ ಬುಡ ಸಡಿಲವಾಗುತ್ತೆ. 2015ರ ಫೆಬ್ರುವರಿ 26ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದರ ಬಗ್ಗೆಯೇ ಒಂದು ನಿರ್ಣಯ ಮಾಡಿತು, ಎಲ್ಲ ದೇಶಗಳೂ ಅಳತೆಯ ದತ್ತಾಂಶ ಹಂಚಿಕೊಳ್ಳಿ, ಕೇಂದ್ರಗಳನ್ನು ಉಳಿಸಿಕೊಳ್ಳಿ ಅಂತ. 2023ರಲ್ಲಿ ಜರ್ಮನಿಯ ಬಾನ್‌ನಲ್ಲಿ ಅದಕ್ಕೊಂದು ವಿಶ್ವಸಂಸ್ಥೆ ಕೇಂದ್ರವೂ ಶುರುವಾಯಿತು. ನಿರ್ಣಯಕ್ಕೆ ಕಡ್ಡಾಯ ಏನೂ ಇಲ್ಲ. ಒಬ್ಬರು ಇನ್ನೊಬ್ಬರನ್ನು ನಂಬಿ ನಡೆಸುತ್ತಿರುವ ವ್ಯವಸ್ಥೆ. ಸಂತೋಷವೂ ಆಯಿತು, ಸ್ವಲ್ಪ ದಿಗಿಲೂ ಆಯಿತು.

ನನ್ನ ಸೇತುವೆಗೆ ಸೆಂಟಿಮೀಟರ್ ಸಾಕು. ಸಮುದ್ರಮಟ್ಟ ಅಳೆಯುವವರಿಗೆ ಸಾಲದು. ಸಮುದ್ರ ಏರುತ್ತಿರುವುದು ವರ್ಷಕ್ಕೆ ಮೂರರಿಂದ ನಾಲ್ಕು ಮಿಲಿಮೀಟರ್ ಲೆಕ್ಕದಲ್ಲಿ. ಅದನ್ನು ಅಳೆಯುವ ಉಪಗ್ರಹ ಎಲ್ಲಿದೆ ಅಂತ ಹೇಳುವುದು ಈ ಫ್ರೇಮ್. ಫ್ರೇಮ್‌ನ ಸೊನ್ನೆಯೇ ವರ್ಷಕ್ಕೆ ಒಂದು ಮಿಲಿಮೀಟರ್ ಜಾರಿದರೆ ಕೆಲವು ಕಡೆ ಸಮುದ್ರ ಸುಮ್ನೆ ಏರಿದ ಹಾಗೆ, ಇನ್ನು ಕೆಲವು ಕಡೆ ಏರೇ ಇಲ್ಲದ ಹಾಗೆ ಕಾಣುತ್ತೆ. ಬಂದರಿನ ಅಳತೆಕೋಲು ನೋಡೋಣ ಅಂದರೆ ಬಂದರಿನ ನೆಲವೇ ಕುಸಿಯುತ್ತಿರಬಹುದು. ಅದಕ್ಕೇ ಅವರು ಕೇಳುವುದು 1 ಮಿಲಿಮೀಟರ್ ನಿಖರತೆ, ವರ್ಷಕ್ಕೆ 0.1 ಮಿಲಿಮೀಟರ್‌ಗಿಂತ ಜಾಸ್ತಿ ಜಾರಬಾರದು ಅಂತ.

ಎರಡು ವಾರ ಆಯಿತು. ಉತ್ತರ ಬಂತು. ಅಡ್ಡಡ್ಡ ಚೆನ್ನಾಗಿತ್ತು. ಎತ್ತರ ಮಾತ್ರ ಲೈಡಾರ್ ಕೊಟ್ಟಿದ್ದ ಎತ್ತರಕ್ಕೆ 8 ಸೆಂಟಿಮೀಟರ್ ಹೊಂದಲಿಲ್ಲ. ಎರಡೂ ಸೇವೆಗಳಿಗೆ ಕಳಿಸಿದ್ದೆ, ಎರಡೂ ಒಂದೇ ಥರ ತಪ್ಪು ಹೇಳುತ್ತಿದ್ದವು. ಈ ಸಲ ಯಾರಿಗೂ ಫೋನ್ ಮಾಡಿ ಜೋರು ಮಾಡಲಿಲ್ಲ, ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತಲೆಭಾಗ ಓದಿದೆ. ಆಂಟೆನಾದ ಹೆಸರು ಇರಬೇಕಾದ ಸಾಲಿನಲ್ಲಿ 'ಅನ್‌ನೋನ್' ಅಂತಿತ್ತು. ಆಂಟೆನಾ ಸಂಕೇತ ಹಿಡಿಯುವ ಬಿಂದು ಅದರ ತಳದಲ್ಲಿ ಇರುವುದಿಲ್ಲ, ಕೆಲವು ಸೆಂಟಿಮೀಟರ್ ಮೇಲಿರುತ್ತೆ, ಮಾದರಿಯಿಂದ ಮಾದರಿಗೆ ಬೇರೆ. ಹೆಸರು ಗೊತ್ತಿದ್ದರೆ ಸೇವೆಯೇ ಅದನ್ನು ಕಳೆದುಕೊಳ್ಳುತ್ತೆ, ಗೊತ್ತಿಲ್ಲದಿದ್ದರೆ ಬಿಟ್ಟುಬಿಡುತ್ತೆ. ಒಂದು ಸಾಲು ತಿದ್ದಿ ಮತ್ತೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಎತ್ತರ ಸರಿಹೋಗಿತ್ತು. ಹೆಸರನ್ನು ಅಕ್ಷರ ಅಕ್ಷರ, ಖಾಲಿ ಜಾಗ ಸಮೇತ ಅವರ ಪಟ್ಟಿಯಲ್ಲಿ ಇರುವ ಹಾಗೇ ಬರೆಯಬೇಕು. ಎತ್ತರ ಅಳೆಯುವಾಗ ಟೇಪು ಎಲ್ಲಿಂದ ಎಲ್ಲಿಗೆ ಹಿಡಿದಿರಿ ಅನ್ನುವುದಕ್ಕೆ ಒಂದು ಫೋಟೊ ತೆಗೆದಿಡಿ. ನಾನು ತೆಗೆದಿದ್ದೆ, ಪುಣ್ಯಕ್ಕೆ ಆ ಜಗಳ ಬರಲಿಲ್ಲ.

ಆ ಕಲ್ಲಿನ ಎರಡು ಎತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಜಾಗತಿಕ ಜಿಯಾಯ್ಡ್‌ಗೂ ಹಳೆಯವರ ಸಮುದ್ರಮಟ್ಟಕ್ಕೂ ಸುಮಾರು 40 ಸೆಂಟಿಮೀಟರ್ ಅಂತರ. ಹಳೆಯವರು ಯಾವುದೋ ಒಂದು ಬಂದರಿನ ನೀರನ್ನು ಸೊನ್ನೆ ಅಂದುಕೊಂಡಿದ್ದರು, ಸಮುದ್ರ ಎಲ್ಲ ಬಂದರಿನಲ್ಲೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಲೌಫೆನ್‌ಬುರ್ಗ್‌ನದ್ದೇ ಕಥೆ. ಕೂಡಬೇಕಾ ಕಳೆಯಬೇಕಾ ಅಂತ ಕಾಗದದ ಮೇಲೆ ಚಿತ್ರ ಬರೆದು ಮೂರು ಸಲ ನೋಡಿದೆ, ಇನ್ನೊಬ್ಬರ ಕೈಲೂ ನೋಡಿಸಿದೆ. ಎತ್ತರದ ವಿಷಯದಲ್ಲಿ ಒಂದೇ ಕಲ್ಲನ್ನು ನಂಬಬೇಡಿ, ಆಗುವುದಾದರೆ ಮೂರು ಕಲ್ಲು ಅಳೆಯಿರಿ. ನಾನು ಆಮೇಲೆ ಇನ್ನೆರಡು ಅಳೆದೆ, 11 ವಾರ ಆದದ್ದಕ್ಕೆ ಅದೂ ಒಂದು ಕಾರಣ.

ಕೊನೆಗೆ ಒಂದು ಸಂಜೆ ಎಲ್ಲ ಪದರಗಳನ್ನೂ ಮತ್ತೆ ಒಂದರ ಮೇಲೊಂದು ಹಾಕಿದೆ. ರಸ್ತೆ ರಸ್ತೆ ಮೇಲಿತ್ತು, ಕಂಬಿ ಈ ದಡದಿಂದ ಆ ದಡಕ್ಕೆ ಮುರಿಯದೆ ಹೋಗುತ್ತಿತ್ತು, ಹಳೆಯ ಪ್ರವಾಹದ ಗುರುತು ಸೇತುವೆ ಕಂಬದಲ್ಲಿ ಈಗಲೂ ಕಾಣುವ ಕೆಸರುಗೆರೆಯ ಹತ್ತಿರಕ್ಕೇ ಬಂದಿತ್ತು. ಫೈಲಿನ ಹೆಸರಲ್ಲೇ ಫ್ರೇಮ್, ಎಪೋಕ್, ಜಿಯಾಯ್ಡ್ ಮೂರನ್ನೂ ಬರೆದೆ. ಹೆಸರು ಉದ್ದವಾಯಿತು, ಆಗಲಿ. ವರದಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಮತ್ತೊಮ್ಮೆ ಬರೆದೆ, 41ನೇ ಪುಟಕ್ಕೆ ಬಿಡಲಿಲ್ಲ. ಕಳಿಸಿದೆ.

ಮರುದಿನ ತಗೊಂಡವರಿಂದ ಮೆಸೇಜ್ ಬಂತು. "ಫೈಲ್ ಸಿಕ್ಕಿತು ಸಾರ್, ತುಂಬಾ ಚೆನ್ನಾಗಿದೆ. ಹೆಸರು ಉದ್ದ ಆಯ್ತು ಅಂತ ಚಿಕ್ಕದು ಮಾಡಿದೀವಿ. ಡಬ್ಲ್ಯೂಜಿಎಸ್ 84 ತಾನೇ?"

ಫೋನ್ ಎತ್ತಿಕೊಂಡೆ.